ಕ್ರೈಸ್ತ ಐಕ್ಯ ಮತ್ತು ದೀನತೆ: ಚಾಮರಾಜನಗರ ಸೀಮೆಯಿಂದ ಒಂದು ಸಮೀಕ್ಷೆ

ಕ್ರೈಸ್ತ ನೀತಿಬೋಧೆಯಲ್ಲಿ ಐಕ್ಯ ಮತ್ತು ದೀನತೆ ಜೊತೆಯಾಗಿಯೇ ಬರುವ ಎರಡು ಗುಣಗಳು. ಸಭೆಯವರು ಒಂದೇ ಮನಸ್ಸಿನಿಂದ ಬಾಳಬೇಕು. ಹಾಗೆ ಬಾಳಬೇಕಾದರೆ ಪ್ರತಿಯೊಬ್ಬರೂ ತಮ್ಮ ಹಿರಿಮೆಯನ್ನು ಬದಿಗಿಡಲು ಸಿದ್ಧರಿರಬೇಕು. ಅಂಥ ಸಭೆ ಮಾತ್ರ ಕೆಟ್ಟುಹೋದ ಸಮಾಜದ ನಡುವೆ ಕೆಡದೆ ನಿಲ್ಲಬಲ್ಲದು ಎಂಬುದು ಈ ಬೋಧೆಯ ತಿರುಳು. ಇದಕ್ಕೆ ಮುಖ್ಯ ಆಧಾರ ಹೊಸ ಒಡಂಬಡಿಕೆಯಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ. ಕರ್ನಾಟಕದ ದಕ್ಷಿಣದ ಅಂಚಿನಲ್ಲಿ, ಸಂತೆಮರಹಳ್ಳಿ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರುಗಳ ಕಡೆ, ಕ್ರೈಸ್ತರ ಸಂಖ್ಯೆ ಚಿಕ್ಕದು. ಆದರೂ ಈ ಬೋಧೆ ಎದುರಿಸಬೇಕಾದ ಪರೀಕ್ಷೆಗಳೆಲ್ಲ ಅಲ್ಲಿವೆ: ಬೇರೆ ಬೇರೆ ಪಂಗಡಗಳು, ಎರಡು ಮೂರು ಭಾಷೆಗಳು, ಜಾತಿಯ ಗೋಡೆ, ಹಣದಲ್ಲಿ ಅಳೆಯುವ ಚುನಾವಣೆ, ಬಲವಿದ್ದವರಿಗೆ ಬಾಗುವ ಆಡಳಿತ. ದೀನತೆ ಇಲ್ಲದ ಕಡೆ ಐಕ್ಯ ಬರಿಯ ಆಡಳಿತದ ಏರ್ಪಾಡಾಗಿ ಉಳಿದುಬಿಡುತ್ತದೆ ಎಂಬುದು ಈ ಸೀಮೆಯ ಚರಿತ್ರೆಯಿಂದ ಕಾಣುವ ಸಂಗತಿ.

ಮೂಲ ಪಠ್ಯ ಮತ್ತು ಅದು ಮುಟ್ಟಿದ ಊರು

ಫಿಲಿಪ್ಪಿ ಮಕೆದೋನ್ಯ ಪ್ರಾಂತದ ಪಟ್ಟಣ. ರೋಮನ್ನರ ಹೆದ್ದಾರಿ ವಿಯಾ ಎಗ್ನಾಷಿಯ ಅದರ ಮೂಲಕವೇ ಹಾಯುತ್ತಿತ್ತು. ಕ್ರಿ.ಪೂ. 42ರಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಜೂಲಿಯಸ್ ಸೀಸರನನ್ನು ಕೊಂದವರ ಪಕ್ಷ ಸೋತಿತು. ಗೆದ್ದವರು ಸೇವೆಯಿಂದ ಬಿಡುಗಡೆಯಾದ ಸೈನಿಕರಿಗೆ ಭೂಮಿ ಕೊಟ್ಟು ಅದನ್ನು ರೋಮನ್ ವಸಾಹತು ಮಾಡಿದರು. ಹೀಗಾಗಿ ಪೌರತ್ವ, ಹುದ್ದೆ, ಬಿರುದು ಆ ಊರಿನ ಉಸಿರಾದವು. ಯಾರು ಯಾವ ಯಾವ ಪದವಿಗಳನ್ನು ಏರಿದರು ಎಂದು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದ ಶಾಸನಗಳು ಅಲ್ಲಿ ಹೇರಳವಾಗಿ ಸಿಕ್ಕಿವೆ.

ಈ ಹಿನ್ನೆಲೆ ತಿಳಿದರೆ ಪತ್ರದ ಎರಡನೆಯ ಅಧ್ಯಾಯ ಎಷ್ಟು ಹರಿತವಾದದ್ದು ಎಂದು ಗೊತ್ತಾಗುತ್ತದೆ. ಪೌಲನು ಸೆರೆಯಲ್ಲಿದ್ದುಕೊಂಡು ಬರೆಯುತ್ತಾನೆ. ಪೈಪೋಟಿಯಿಂದಲೋ ಒಣಹೆಮ್ಮೆಯಿಂದಲೋ ಏನನ್ನೂ ಮಾಡಬೇಡಿ, ಇತರರನ್ನು ನಿಮಗಿಂತ ಮೇಲೆಂದು ಎಣಿಸಿ ಎಂದು ಹೇಳಿ, ಕ್ರಿಸ್ತನ ಬಗೆಗಿನ ಒಂದು ಸ್ತುತಿಯನ್ನು ಎತ್ತಿಕೊಳ್ಳುತ್ತಾನೆ. ಅದರ ಮೊದಲ ಭಾಗದಲ್ಲಿಯೂ ಮೆಟ್ಟಿಲುಗಳಿವೆ, ಎಲ್ಲವೂ ಕೆಳಕ್ಕೆ: ದೈವಸ್ವರೂಪದಿಂದ ದಾಸನ ರೂಪಕ್ಕೆ, ಮನುಷ್ಯರೂಪಕ್ಕೆ, ಅಲ್ಲಿಂದ ಶಿಲುಬೆಯ ಸಾವಿಗೆ. ರೋಮನ್ ಪೌರನಿಗೆ ಶಿಲುಬೆ ಎಂದರೆ ಗುಲಾಮರಿಗೆ ವಿಧಿಸುವ, ಬಾಯಲ್ಲಿ ಆಡಲೂ ನಾಚುವ ಶಿಕ್ಷೆ. ಪದವಿಗಳ ಏರಿಕೆಯನ್ನು ಕಲ್ಲಿನ ಮೇಲೆ ಕೆತ್ತಿಸಿಕೊಳ್ಳುವ ಊರಿನಲ್ಲಿ ಈ ಇಳಿಕೆಯನ್ನು ಪೌಲನು ಸಭೆಯವರಿಗೆ ಮಾದರಿಯಾಗಿ ಇಟ್ಟನು. ಈ ಭಾಗ ಪೌಲನಿಗಿಂತ ಮೊದಲೇ ಆರಾಧನೆಯಲ್ಲಿ ಹಾಡುತ್ತಿದ್ದ ಸ್ತೋತ್ರವಿರಬೇಕೆಂದು ಜರ್ಮನ್ ವಿದ್ವಾಂಸ ಎರ್ನ್‌ಸ್ಟ್ ಲೋಮೆಯರ್ 1928ರಲ್ಲಿ ವಾದಿಸಿದ. ಆ ಚರ್ಚೆ ಈಗಲೂ ಮುಗಿದಿಲ್ಲ.

ಸ್ತುತಿಯ ಬೆನ್ನಿಗೇ ಗೊಣಗಾಟ, ವಾಗ್ವಾದಗಳಿಲ್ಲದೆ ಬಾಳಿ, ವಕ್ರವಾದ ಪೀಳಿಗೆಯ ನಡುವೆ ಬೆಳಕಿನಂತೆ ಕಾಣಿರಿ ಎಂಬ ಬುದ್ಧಿಮಾತು ಬರುತ್ತದೆ. ವಕ್ರ ಪೀಳಿಗೆ ಎಂಬ ಮಾತನ್ನು ಪೌಲನು ತೆಗೆದುಕೊಂಡದ್ದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಿಂದ. ಅಲ್ಲಿ ಅದು ಹೊರಗಿನವರಿಗೆ ಹೇಳಿದ್ದಲ್ಲ, ದೇವರ ಸ್ವಂತ ಜನರಿಗೆ ಹೇಳಿದ್ದು. ಸಮಾಜ ಕೆಟ್ಟಿದೆ ಎಂದು ಬೆರಳು ತೋರಿಸುವ ಸಭೆಗೆ ಈ ಸಂಗತಿ ಮುಖ್ಯ: ಕೇಡು ಬೇಲಿಯ ಒಳಗೂ ಇರಬಹುದು. ಫಿಲಿಪ್ಪಿಯ ಸಭೆಯೇ ಅದಕ್ಕೆ ಸಾಕ್ಷಿ. ಯುವೊದ್ಯ, ಸಂತುಕೆ ಎಂಬ ಇಬ್ಬರು ಹಿರಿಯ ಸೇವಕಿಯರ ನಡುವೆ ಬಂದ ಮನಸ್ತಾಪವನ್ನು ಪೌಲನು ಹೆಸರು ಹಿಡಿದೇ ಹೇಳಿ, ರಾಜಿ ಮಾಡಿಸಲು ಮೂರನೆಯವರನ್ನು ಕೇಳಿಕೊಳ್ಳುತ್ತಾನೆ.

ಸೀಮೆ ಮತ್ತು ಅದರ ಸಭೆಗಳು

ಚಾಮರಾಜನಗರ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1997ರಲ್ಲಿ. ಸಂತೆಮರಹಳ್ಳಿ ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳಿಗೆ ಹೋಗುವವರು ಹಾಯುವ ಊರು. ಗುಂಡ್ಲುಪೇಟೆ ಕೇರಳದ ವಯನಾಡಿಗೂ ತಮಿಳುನಾಡಿನ ನೀಲಗಿರಿಗೂ ಅಂಟಿಕೊಂಡಿದೆ. ಕೊಳ್ಳೇಗಾಲವಂತೂ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈ ಗಡಿಗಳ ಗುರುತು ಸಭೆಗಳ ಮೇಲೂ ಬಿದ್ದಿದೆ.

ಮೈಸೂರು ಸೀಮೆಯ ಆರಂಭದ ಕ್ರೈಸ್ತ ಮಿಷನ್‌ಗಳಲ್ಲಿ ಮುಖ್ಯವಾದದ್ದು ಕಥೋಲಿಕ ಜೆಸ್ವಿಟರದು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮಬೋಧೆಯ ಬರಹಗಳನ್ನು ಸಿದ್ಧಪಡಿಸಿದ. ದಿಂಬಂ ಘಟ್ಟದ ಕೆಳಗಿನ ಸತ್ಯಮಂಗಲ ಆಗ ಈ ಮಿಷನ್ನಿನ ದೊಡ್ಡ ಕೇಂದ್ರಗಳಲ್ಲಿ ಒಂದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕಥೋಲಿಕರನ್ನು ಮತ್ತೆ ಕೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿ ಸಾವಿರಾರು ಜನರನ್ನು ಮುಟ್ಟಿದ್ದು ಇವರ ದೊಡ್ಡ ಸೇವೆ. ಆದರೆ 1823ರಲ್ಲಿ ಪ್ರಕಟವಾದ ಇವರ ಪತ್ರಗಳ ಪುಸ್ತಕ ಪ್ರೊಟೆಸ್ಟೆಂಟರ ಬೈಬಲ್ ಅನುವಾದಗಳನ್ನು ಕಟುವಾಗಿ ಟೀಕಿಸಿತು; ಪ್ರೊಟೆಸ್ಟೆಂಟರು ಅಷ್ಟೇ ಕಟುವಾಗಿ ಉತ್ತರಿಸಿದರು. ಕನ್ನಡ ನಾಡಿನಲ್ಲಿ ಎರಡು ಪಂಗಡಗಳ ನಡುವಿನ ಮೌನ ಆ ಮೇಲೆ ಸುಮಾರು 140 ವರ್ಷ ಮುಂದುವರಿಯಿತು.

ಪ್ರೊಟೆಸ್ಟೆಂಟ್ ಮಿಷನ್‌ಗಳು ಕನ್ನಡ ನಾಡನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡವು. ಬಳ್ಳಾರಿ, ಬೆಳಗಾವಿಗಳು ಲಂಡನ್ ಮಿಷನ್ನಿಗೆ. 1834ರಿಂದ ಮಂಗಳೂರು, ಆಮೇಲೆ ಧಾರವಾಡ ಬಾಸೆಲ್ ಮಿಷನ್ನಿಗೆ. ಮೈಸೂರು ಸಂಸ್ಥಾನದ ಬಹುಭಾಗ ವೆಸ್ಲಿಯನ್ ಮಿಷನ್ನಿಗೆ. 1831ರಲ್ಲಿ ಬಳ್ಳಾರಿಯಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ ಇವರೆಲ್ಲರಿಗೂ ಸಮಾನ ಆಸ್ತಿ. ಹೀಗೆ ಒಬ್ಬ ಕನ್ನಡಿಗ ಕ್ರೈಸ್ತ ಲಂಡನ್ ಮಿಷನ್ನಿನ ಕಾಂಗ್ರಿಗೇಷನಲಿಸ್ಟನೋ ವೆಸ್ಲಿಯನ್ ಮಿಷನ್ನಿನ ಮೆಥೊಡಿಸ್ಟನೋ ಎಂಬುದು ಅವನ ನಂಬಿಕೆಗಿಂತ ಅವನು ಹುಟ್ಟಿದ ಊರಿನ ಮೇಲೆ ನಿಂತಿತು. ಇಂಗ್ಲೆಂಡಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಜಗಳಗಳ ಫಲವನ್ನು ಮೈಸೂರು, ಬಳ್ಳಾರಿಯ ಒಕ್ಕಲು ಮಕ್ಕಳು ಹೊರಬೇಕಾಯಿತು.

ಕಥೋಲಿಕರ ಮೈಸೂರು ಧರ್ಮಪ್ರಾಂತ್ಯ 1886ರಲ್ಲಿ ಸ್ಥಾಪನೆಯಾಯಿತು. ಚಾಮರಾಜನಗರ ಜಿಲ್ಲೆ ಇಂದಿಗೂ ಅದರ ವ್ಯಾಪ್ತಿಯಲ್ಲಿದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮಾತಾಡುವ ಕಥೋಲಿಕರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದಾರೆ. ಕೇರಳದಿಂದ ಬಂದ ಸಿರಿಯನ್ ಪರಂಪರೆಯ ಕಥೋಲಿಕರಿಗಾಗಿ 2010ರಲ್ಲಿ ಮಂಡ್ಯ ಸಿರೋ ಮಲಬಾರ್ ಧರ್ಮಪ್ರಾಂತ್ಯ ಹುಟ್ಟಿತು. ಅದರ ವ್ಯಾಪ್ತಿಯಲ್ಲಿಯೂ ಇದೇ ಜಿಲ್ಲೆ ಇದೆ. ಒಬ್ಬರೇ ಪೋಪರನ್ನು ಒಪ್ಪುವ ಎರಡು ಧರ್ಮಪ್ರಾಂತ್ಯಗಳು ಒಂದೇ ನೆಲದ ಮೇಲೆ ಇರುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆರಾಧನಾ ಪರಂಪರೆ ಬೇರೆಯಾದರೂ ಸಹಭಾಗಿತ್ವ ಒಂದೇ ಎಂಬುದು ಕಥೋಲಿಕರ ವಿವರಣೆ. ಇವರಲ್ಲದೆ ದಕ್ಷಿಣ ಭಾರತ ಸಭೆಗೆ (ಸಿಎಸ್‌ಐ) ಸೇರಿದ ಸಭೆಗಳು, ಮನೆಗಳಲ್ಲಿ ಕೂಡುವ ಪೆಂತೆಕೋಸ್ತ ಪ್ರಾರ್ಥನಾ ಕೂಟಗಳು ಇವೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.43 ಲಕ್ಷ, ಒಟ್ಟು ಜನಸಂಖ್ಯೆಯ ಶೇ. 1.87.

1947ರ ಐಕ್ಯ

ಈ ವಿಷಯದಲ್ಲಿ ದಕ್ಷಿಣ ಭಾರತ ಜಗತ್ತಿಗೆ ಕೊಟ್ಟ ಕಾಣಿಕೆ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ. 1908ರಲ್ಲಿ ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾಯಿತು. 1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ 33 ಮಂದಿ ಸಭಾಪಾಲಕರು ಸೇರಿದರು; ಅವರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಭಾರತೀಯರು. ಅವರ ಮುಂದಾಳು ವಿ.ಎಸ್. ಅಜರಯ್ಯ, 1912ರಲ್ಲಿ ದೋರ್ನಕಲ್ ಪ್ರಾಂತ್ಯಕ್ಕೆ ಅಭಿಷಿಕ್ತರಾದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್. ನಮ್ಮ ಒಡಕುಗಳು ನಾವು ಮಾಡಿಕೊಂಡವಲ್ಲ, ಹೊರಗಿನಿಂದ ಬಂದವು, ಅವು ನಮ್ಮ ಸಾಕ್ಷಿಯನ್ನು ದುರ್ಬಲಗೊಳಿಸುತ್ತಿವೆ ಎಂಬುದು ಅಲ್ಲಿ ಹೊರಟ ಹೇಳಿಕೆಯ ಅರ್ಥ. ಪಂಗಡಗಳ ಐಕ್ಯಕ್ಕಾಗಿ ನಡೆದ ಮಾತುಕತೆ 28 ವರ್ಷ ಹಿಡಿಯಿತು. ಅಜರಯ್ಯ 1945ರ ಜನವರಿ 1ರಂದು ತೀರಿಕೊಂಡರು. ಫಲವನ್ನು ಅವರು ನೋಡಲಿಲ್ಲ.

ತಡವಾದದ್ದು ಏಕೆ ಎಂದು ನೋಡಿದರೆ ದೀನತೆಯ ಪ್ರಶ್ನೆ ಎದುರಿಗೇ ಬರುತ್ತದೆ. ಆಂಗ್ಲಿಕನ್ನರಿಗೆ ಬಿಷಪ್ ಪದವಿ ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಸೊತ್ತು. ಕಾಂಗ್ರಿಗೇಷನಲಿಸ್ಟರಿಗೆ ಸ್ಥಳೀಯ ಸಭೆಯ ಮೇಲೆ ಯಾವ ಬಿಷಪ್ಪನೂ ಬೇಕಿಲ್ಲ. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಮೆಥೊಡಿಸ್ಟ್ ಪಾದ್ರಿ ಪ್ರಭುಭೋಜನ ಕೊಟ್ಟರೆ ಅದು ಸರಿಯಾದದ್ದೇ? ಮರುದೀಕ್ಷೆ ಕೇಳಿದರೆ ಅವನ ಈವರೆಗಿನ ಸೇವೆಯೆಲ್ಲ ಪೊಳ್ಳೆಂದು ಹೇಳಿದಂತೆ. ಕೇಳದೆ ಇದ್ದರೆ ಆಂಗ್ಲಿಕನ್ನರು ತಮ್ಮ ಪ್ರಾಚೀನ ನಂಬಿಕೆಯನ್ನು ಬಿಟ್ಟಂತೆ. ಕೊನೆಗೆ ಎರಡೂ ಕಡೆಯವರು ಬಾಗಿದರು. ಇನ್ನು ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದ ಆಗಬೇಕೆಂದು ಒಬ್ಬರು ಒಪ್ಪಿದರು. ಈಗಿರುವ ಪಾದ್ರಿಗಳನ್ನೆಲ್ಲ ಮರುದೀಕ್ಷೆಯಿಲ್ಲದೆ ಸ್ವೀಕರಿಸಬೇಕೆಂದು ಇನ್ನೊಬ್ಬರು ಒಪ್ಪಿದರು. ಇದಕ್ಕೂ ಮಿಗಿಲಾಗಿ, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ವಿರುದ್ಧವಾದ ಆರಾಧನಾ ಕ್ರಮವನ್ನಾಗಲಿ ಪಾದ್ರಿಯನ್ನಾಗಲಿ ಹೇರುವುದಿಲ್ಲ ಎಂದು ಪರಸ್ಪರ ಮಾತು ಕೊಟ್ಟರು. ಕಾನೂನಿಗಿಂತ ನಂಬಿಕೆಯ ಮೇಲೆ ನಿಂತ ಈ ಮಾತೇ ಇಡೀ ಒಪ್ಪಂದದ ಹೃದಯ ಎನ್ನಬೇಕು.

ಸ್ವಾತಂತ್ರ್ಯ ಬಂದ ಆರು ವಾರಗಳಿಗೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಬಿಷಪ್ ಸಿ.ಕೆ. ಜೇಕಬ್ ಅವರ ನೇತೃತ್ವದಲ್ಲಿ ಐಕ್ಯದ ಘೋಷಣೆಯಾಯಿತು. ಬಿಷಪ್ಪರಿದ್ದ ಸಭೆಗಳೂ ಇಲ್ಲದ ಸಭೆಗಳೂ ಯುರೋಪಿನ ಮತಸುಧಾರಣೆಯ ನಂತರ ಹೀಗೆ ಒಂದಾದದ್ದು ಅದೇ ಮೊದಲು. ಮೈಸೂರು ಪ್ರಾಂತ್ಯದ ಮೊದಲ ಬಿಷಪ್ ಪಿ. ಗುರುಶಾಂತ, 1951ರಲ್ಲಿ ಆ ಸ್ಥಾನಕ್ಕೆ ನಾರ್ಮನ್ ಸಾರ್ಜೆಂಟ್ ಬಂದರು. ಸಿಎಸ್‌ಐ ಮುಖ್ಯಸ್ಥರಾದ ಮಾಡರೇಟರ್ ಪದವಿಗೆ ಮೊದಲು ಬಂದ ಮದ್ರಾಸಿನ ಬಿಷಪ್ ಮೈಕೆಲ್ ಹಾಲಿಸ್, ಪದವಿಯನ್ನು ಬಿಟ್ಟು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಸಭಾಚರಿತ್ರೆಯ ಮೇಷ್ಟರಾದರು. ಅಧಿಕಾರದ ಕುರ್ಚಿಯಿಂದ ಇಳಿದು ಪಾಠ ಹೇಳಲು ಹೋದ ಆ ನಡೆ ಇಂದಿನ ಸಭಾನಾಯಕರಿಗೆ ತಿಳಿದಿರಬೇಕು.

1950ರಲ್ಲಿ ಸಿದ್ಧವಾದ ಸಿಎಸ್‌ಐ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿತು. ಕೇರಳದ ಸಿರಿಯನ್ ಸಭೆಗಳಲ್ಲಿ ಉಳಿದುಬಂದಿದ್ದ ಪ್ರಾಚೀನ ಕ್ರಮ ಅದು. ಪಾದ್ರಿಯಿಂದ ಪಡೆದವನು ಪಕ್ಕದವನ ಅಂಗೈಗಳನ್ನು ತನ್ನ ಅಂಗೈಗಳಲ್ಲಿ ತೆಗೆದುಕೊಂಡು ಶಾಂತಿಯನ್ನು ದಾಟಿಸುತ್ತಾನೆ. ಮುಟ್ಟುವುದನ್ನೂ ಮುಟ್ಟದಿರುವುದನ್ನೂ ಜಾತಿ ನಿರ್ಧರಿಸುತ್ತಿದ್ದ ಸಮಾಜದಲ್ಲಿ, ಪಕ್ಕದವನು ಯಾವ ಕೇರಿಯವನೆಂದು ಕೇಳದೆ ಅವನ ಕೈ ಹಿಡಿಯುವುದು ಯಾವ ನಿರ್ಣಯಕ್ಕಿಂತಲೂ ಹೆಚ್ಚಿನ ಮಾತು. ಪ್ರಪಂಚದ ಅನೇಕ ಸಭೆಗಳು ಆಮೇಲೆ ಇಂಥ ಕ್ರಮವನ್ನು ತಮ್ಮ ಆರಾಧನೆಗೆ ತಂದುಕೊಂಡವು.

ಕಥೋಲಿಕರ ಕಡೆಯಿಂದ ಬಾಗಿಲು ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. ಐಕ್ಯದ ಬಗೆಗಿನ ಅದರ ಆದೇಶಪತ್ರ 1964ರ ನವೆಂಬರ್ 21ರಂದು ಹೊರಬಂತು. ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ಸಪ್ತಾಹದಲ್ಲಿ ಎರಡೂ ಪರಂಪರೆಯವರು ಒಟ್ಟಿಗೆ ಕೂಡುವುದು, ಕನ್ನಡ ಬೈಬಲನ್ನು ಒಟ್ಟಿಗೆ ಅನುವಾದಿಸಿದ್ದು ಇದರಿಂದ ಸಾಧ್ಯವಾಯಿತು. ಕಾರ್ಕಳದಲ್ಲಿ ಹುಟ್ಟಿ ಬಾಸೆಲ್ ಮಿಷನ್ ಪರಂಪರೆಯಲ್ಲಿ ಬೆಳೆದ ಸ್ಟ್ಯಾನ್ಲಿ ಸಮರ್ಥ, ಜಾಗತಿಕ ಸಭಾ ಮಂಡಳಿಯ ಅಂತರ್ಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾಗಿ ಈ ಹಾದಿಯನ್ನು ಬೇರೆ ಧರ್ಮಗಳವರೆಗೂ ಒಯ್ದರು.

ಒಡಕಿನ ನೆಲೆಗಳು: ಜಾತಿ ಮತ್ತು ಭಾಷೆ

ಪಂಗಡಗಳ ಒಡಕಿಗೆ ಯುರೋಪನ್ನು ದೂರಬಹುದು. ಜಾತಿಯ ಒಡಕಿಗೆ ಹಾಗೆ ದೂರಲಾಗದು. 17ನೆಯ ಶತಮಾನದ ಮಧುರೆ ಮಿಷನ್ನಿನಲ್ಲಿ ಮೇಲುಜಾತಿಯವರಿಗೆ ಬ್ರಾಹ್ಮಣ ಸನ್ಯಾಸಿಯ ವೇಷದ ಪಾದ್ರಿಗಳು, ಉಳಿದವರಿಗೆ ಪಂಡಾರಸ್ವಾಮಿಗಳು ಎಂಬ ವ್ಯವಸ್ಥೆಯೇ ಇತ್ತು. ಪ್ರತ್ಯೇಕ ಸಾಲು, ಪ್ರತ್ಯೇಕ ಸ್ಮಶಾನಗಳ ರೂಢಿ ದಕ್ಷಿಣ ಭಾರತದ ಹಲವು ಕಡೆ ಬಹುಕಾಲ ನಡೆಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತರ ಸಬಲೀಕರಣದ ನೀತಿಪತ್ರವನ್ನು ಹೊರಡಿಸಬೇಕಾಗಿ ಬಂದದ್ದು ಈ ಗಾಯ ಮಾಯದಿರುವುದಕ್ಕೇ.

ಚಾಮರಾಜನಗರ ಜಿಲ್ಲೆಯಲ್ಲಿ ಜನಸಂಖ್ಯೆಯ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿಗಳವರು. ಆದ್ದರಿಂದ ಇಲ್ಲಿ ಜಾತಿಯ ಪ್ರಶ್ನೆ ಕಾನೂನಿನ ರೂಪದಲ್ಲಿಯೂ ಎದುರಾಗುತ್ತದೆ. ರಾಷ್ಟ್ರಪತಿಗಳ 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲಿಗೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರು ಇನ್ನೂ ಹೊರಗಿದ್ದಾರೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರನ್ನು ಪ್ರವರ್ಗ 1ರಲ್ಲಿ ಸೇರಿಸಲಾಗಿದ್ದು, ಇತರ ಕ್ರೈಸ್ತರು 3ಬಿ ಅಡಿಯಲ್ಲಿ ಬರುತ್ತಾರೆ. ಪರಿಶಿಷ್ಟ ಸ್ಥಾನದ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು.

ಪ್ರಾಮಾಣಿಕವಾಗಿ ಬಾಳಬೇಕೆಂಬ ಬೋಧೆಗೆ ಇದು ಕಠಿಣವಾದ ಪರೀಕ್ಷೆ. ತನ್ನ ನಂಬಿಕೆಯನ್ನು ಕಾಗದದ ಮೇಲೆ ಒಪ್ಪಿಕೊಂಡರೆ ಮಗಳ ವಿದ್ಯಾರ್ಥಿವೇತನ ಹೋಗುತ್ತದೆ. ಮುಚ್ಚಿಟ್ಟರೆ ಭಾನುವಾರದ ಪ್ರಾರ್ಥನೆ ಗುಟ್ಟಾಗುತ್ತದೆ. ಅಂಥ ತಾಯಿತಂದೆಯರನ್ನು ಸುಳ್ಳುಗಾರರೆಂದು ಖಂಡಿಸುವುದು ಅನುಕೂಲಸ್ಥ ಸಭಾಪಾಲಕನಿಗೆ ಸುಲಭ. ಅವರ ಹೊರೆಯನ್ನು ಸಭೆಯೆಲ್ಲ ಹೊರುವುದೇ ಐಕ್ಯ. ಕಲಿಯುವ ಮಕ್ಕಳ ಖರ್ಚನ್ನು ಅನುಕೂಲವಿರುವ ಸಭೆಗಳು ವಹಿಸಿಕೊಳ್ಳದ ಹೊರತು ಸತ್ಯವಂತರಾಗಿರಿ ಎಂಬ ಉಪದೇಶಕ್ಕೆ ನೈತಿಕ ಬಲ ಬರುವುದಿಲ್ಲ.

ಭಾಷೆಯ ಒಡಕು ಹೆಚ್ಚಾಗಿ ಬೆಂಗಳೂರಿನ ಕಥೋಲಿಕರಲ್ಲಿ ಕಾಣುತ್ತದೆ. ವ್ಯಾಟಿಕನ್ ಮಹಾಸಭೆಯ ಬಳಿಕ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದಾಗ, ಬಲಿಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಕೊಂಕಣಿಯಲ್ಲೋ ಎಂಬ ಜಗಳ ಎದ್ದು ದಶಕಗಳ ಕಾಲ ಕಾಡಿತು. ನಾಡಿನ ಭಾಷೆಗೆ ನಾಡಿನ ಸಭೆಯಲ್ಲಿ ಮೊದಲ ಸ್ಥಾನ ಬೇಕೆಂಬ ಕನ್ನಡ ಕ್ರೈಸ್ತರ ಬೇಡಿಕೆ ನ್ಯಾಯವಾದದ್ದು. ಮಾರ್ಟಳ್ಳಿಯ ರೈತ ತನ್ನ ತಾಯಿಮಾತಿನಲ್ಲಿ ಪ್ರಾರ್ಥಿಸುವುದೂ ನ್ಯಾಯವಾದದ್ದೇ. ಎರಡನ್ನೂ ಒಪ್ಪುವ ವಿಶಾಲತೆ ಗಡಿಸೀಮೆಯ ಹಳ್ಳಿಗಳಿಂದ ರಾಜಧಾನಿ ಕಲಿಯಬಹುದಾದ ಪಾಠ.

ಕೆಟ್ಟ ಸಮಾಜದ ನಡುವೆ

2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಿಂದ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದರು: 40,752 ಮತಗಳು, ಎದುರಾಳಿ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕ್ಷೇತ್ರ ಪುನರ್ವಿಂಗಡಣೆಯಲ್ಲಿ 2008ರಿಂದ ಆ ಕ್ಷೇತ್ರವೇ ಇಲ್ಲವಾಯಿತು, ಆದರೆ ಒಂದು ಮತದ ಬೆಲೆ ಏನೆಂದು ಹೇಳಬೇಕಾದಾಗ ರಾಜ್ಯವೆಲ್ಲ ಇಂದಿಗೂ ಸಂತೆಮರಹಳ್ಳಿಯನ್ನೇ ಹೆಸರಿಸುತ್ತದೆ. ಚುನಾವಣೆಗೆ ಮುನ್ನ ಮತವನ್ನು ಮಾರಿಕೊಳ್ಳಬೇಡಿ ಎಂದು ಧರ್ಮಾಧ್ಯಕ್ಷರು ಮನವಿ ಹೊರಡಿಸುವುದುಂಟು. ಅಲ್ಪಸಂಖ್ಯಾತರ ಒಂದೆರಡು ಮನೆಗಳ ಪ್ರಾಮಾಣಿಕತೆಯಿಂದ ಏನಾದೀತು ಎಂದು ಕೈಚೆಲ್ಲುವವರಿಗೆ ಈ ಫಲಿತಾಂಶವೇ ಉತ್ತರ.

ಇದಕ್ಕಿಂತ ಕಠೋರವಾದ ಕಾಲವನ್ನು ಹನೂರಿನ ಕಾಡಂಚಿನ ಹಳ್ಳಿಗಳು ಕಂಡಿವೆ. ಕಾಡುಗಳ್ಳ ವೀರಪ್ಪನ್ನನಿಗಾಗಿ ಪೊಲೀಸ್ ಕಾರ್ಯಪಡೆ ನಡೆಸಿದ ಬೇಟೆಯ ವರ್ಷಗಳಲ್ಲಿ ಮಾರ್ಟಳ್ಳಿ ಸುತ್ತಿನ ಅನೇಕ ಬಡವರು ಭಯೋತ್ಪಾದನೆ ತಡೆಯ ಟಾಡಾ ಕಾಯಿದೆಯಡಿ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಅವರಲ್ಲಿ ಕ್ರೈಸ್ತರೂ ಹಿಂದೂಗಳೂ ಇದ್ದರು. ಹಳ್ಳಿಗರ ಮೇಲೆ ನಡೆದ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸಾಯಿತು. ಒಂದು ಕಡೆ ಕಾಡುಗಳ್ಳನ ಬೆದರಿಕೆ, ಇನ್ನೊಂದು ಕಡೆ ಕಾರ್ಯಪಡೆಯ ಅನುಮಾನ. ಇಬ್ಬರಿಗೂ ಬಾಗದೆ ಬದುಕುವುದು ಎಷ್ಟು ಕಷ್ಟವೆಂದು ಆ ಜನರಿಗೆ ಉಪದೇಶಿಸಬೇಕಾಗಿಲ್ಲ. ಅದೇ ಸೀಮೆಯ ಗೋಪಿನಾಥಂನಲ್ಲಿ ಹಳ್ಳಿಗರ ವಿಶ್ವಾಸ ಗಳಿಸಿ, 1991ರ ನವೆಂಬರ್‌ನಲ್ಲಿ ವೀರಪ್ಪನ್ನನಿಂದ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಜನ ಇಂದಿಗೂ ಪೂಜ್ಯಭಾವದಿಂದ ನೆನೆಯುತ್ತಾರೆ. ಅವರು ಕ್ರೈಸ್ತರಲ್ಲ. ವಕ್ರ ಕಾಲದಲ್ಲಿ ನೆಟ್ಟಗೆ ನಿಂತವರು ಎಲ್ಲ ಧರ್ಮಗಳಲ್ಲಿಯೂ ಇದ್ದಾರೆ ಎಂದು ಒಪ್ಪುವುದು ಕ್ರೈಸ್ತ ದೀನತೆಯ ಒಂದು ಭಾಗವೇ.

ಸದ್ದಿಲ್ಲದ ಸೇವೆಯ ಮಾದರಿ ಬೇಕಾದರೆ ಕೊಳ್ಳೇಗಾಲ ಬಳಿಯ ಕಾಮಗೆರೆಗೆ ಹೋಗಬೇಕು. ಹೋಲಿ ಕ್ರಾಸ್ ಸಹೋದರಿಯರು ಅಲ್ಲಿ ನಡೆಸುವ ಆಸ್ಪತ್ರೆ ಮಲೆ ಮಹದೇಶ್ವರ ಬೆಟ್ಟದ ದಾರಿಯ ಬಡ ಹಳ್ಳಿಗಳಿಗೆ ದೊಡ್ಡ ಆಸರೆ. ಸಿಸ್ಟರ್ ಎಂದು ಕರೆಸಿಕೊಳ್ಳುವ ಆ ಹೆಣ್ಣುಮಕ್ಕಳಲ್ಲಿ ಬಹುಪಾಲಿನವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ.

ಕೇಡು ಸಭೆಯ ಒಳಗಿದ್ದಾಗ ಏನು ಮಾಡಬೇಕು ಎಂಬುದು ಕೊನೆಯ ಮತ್ತು ನೋವಿನ ಪ್ರಶ್ನೆ. 2019ರಲ್ಲಿ ಮೈಸೂರು ಧರ್ಮಪ್ರಾಂತ್ಯದ 37 ಮಂದಿ ಪಾದ್ರಿಗಳು ಧರ್ಮಪ್ರಾಂತ್ಯದ ಆಡಳಿತದ ಬಗ್ಗೆ ಪೋಪರಿಗೆ ದೂರಿನ ಪತ್ರ ಬರೆದರು; 2023ರ ಜನವರಿಯಲ್ಲಿ ವ್ಯಾಟಿಕನ್ ಅಲ್ಲಿಗೆ ಆಡಳಿತಾಧಿಕಾರಿಯನ್ನು ನೇಮಿಸಿತು. ಸಿಎಸ್‌ಐನ ಅತ್ಯುನ್ನತ ಆಡಳಿತ ಮಂಡಳಿಯಾದ ಸಿನೊಡಿನ ಚುನಾವಣೆಯ ವ್ಯಾಜ್ಯದಲ್ಲಿ 2024ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಗಾರರನ್ನಾಗಿ ನೇಮಿಸಲು ಆದೇಶಿಸಿತು. ಪರಸ್ಪರ ನಂಬಿಕೆಯ ಮಾತಿನ ಮೇಲೆ ಕಟ್ಟಿದ ಸಭೆ ನ್ಯಾಯಾಲಯದ ಮೆಟ್ಟಿಲಿನಲ್ಲಿ ನಿಂತದ್ದು ದುಃಖದ ಸಂಗತಿ. ಐಕ್ಯದ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು, ದೀನತೆಯ ಹೆಸರಿನಲ್ಲಿ ಅನ್ಯಾಯ ಸಹಿಸೆಂದು ಬಡವರಿಗೆ ಹೇಳುವುದು, ಎರಡೂ ಪೌಲನ ಪತ್ರದ ದುರುಪಯೋಗ. ಅಲ್ಲಿ ಮೊದಲು ಇಳಿದವನು ಎಲ್ಲರಿಗಿಂತ ಮೇಲಿದ್ದವನು. ತಗ್ಗಬೇಕಾದ ಸರದಿ ಅಧಿಕಾರವಿದ್ದವರದೇ.

ನೆರೆಯ ಪರಂಪರೆಗಳು

ಈ ಬೋಧೆ ಇಲ್ಲಿನ ಮಣ್ಣಿಗೆ ಹೊಸತೇನಲ್ಲ. ಈ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಪರಂಜ್ಯೋತಿ ಸ್ವರೂಪನಾದ ಮಂಟೇಸ್ವಾಮಿ ಹೊಲಸು ಹೊತ್ತ ಕುಷ್ಠರೋಗಿಯ ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾನೆ. ಹೆಸರಾಂತ ಶರಣರು ಮೂಗು ಮುಚ್ಚಿ ಅಟ್ಟುತ್ತಾರೆ. ಬಸವಣ್ಣ, ನೀಲಮ್ಮ ಗುರುತಿಸಿ ಬರಮಾಡಿಕೊಳ್ಳುತ್ತಾರೆ. ಅವನ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಕೊಳ್ಳೇಗಾಲ ಕಡೆಯ ಚಿಕ್ಕಲ್ಲೂರಿನಲ್ಲಿದೆ. ಅಲ್ಲಿನ ಜಾತ್ರೆಯ ಪಂಕ್ತಿಸೇವೆಯಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಫಿಲಿಪ್ಪಿಯ ಸ್ತುತಿಗೂ ಈ ಕಥೆಗೂ ಚಾರಿತ್ರಿಕ ನಂಟಿಲ್ಲ. ದೈವ ಕೀಳಾದ ರೂಪದಲ್ಲಿ ಬಂದು ಒಳ್ಳೆಯವರೆನಿಸಿಕೊಂಡವರ ಸತ್ವವನ್ನು ಪರೀಕ್ಷಿಸುತ್ತದೆ ಎಂಬ ಅರಿವು ಮಾತ್ರ ಎರಡಕ್ಕೂ ಸಮಾನ. ಈ ಸೀಮೆಯಲ್ಲಿ ಪ್ರಸಂಗ ಮಾಡುವ ಸಭಾಪಾಲಕನಿಗೆ ಕೇಳುಗರ ಮನಸ್ಸನ್ನು ಮುಟ್ಟಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಅಂಥ ದಾರಿಯಲ್ಲಿ ಮುಂಚೆಯೇ ನಡೆದವರು ಧಾರವಾಡ ಕಡೆಯ ರೆವರೆಂಡ್ ಉತ್ತಂಗಿ ಚನ್ನಪ್ಪ (1881–1962). ಬಾಸೆಲ್ ಮಿಷನ್ನಿನ ಈ ಬಡ ಪಾದ್ರಿ ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶೈವ ಕವಿಯೊಬ್ಬನ ಮಾತುಗಳಿಗಾಗಿ ಕ್ರೈಸ್ತ ಪಾದ್ರಿ ವರ್ಷಗಟ್ಟಲೆ ಬೆವರು ಸುರಿಸಿದ ಆ ಕೆಲಸವನ್ನು ಕನ್ನಡಿಗರು ಮರೆಯಲಿಲ್ಲ. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಅವರಿಗೆ ಕೊಟ್ಟರು. ತಿರುಳ್ಗನ್ನಡದ ತಿರುಕ ಎಂಬುದು ಅವರಿಗೆ ಸಂದ ಹೆಸರು.

ಇಂದಿನ ಸ್ಥಿತಿ

2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ ಕಥೋಲಿಕರು, ಸಿಎಸ್‌ಐನವರು, ಪೆಂತೆಕೋಸ್ತರು ಒಟ್ಟಿಗೆ ಬೀದಿಗಿಳಿದರು. ಪೆಟ್ಟು ಬಿದ್ದಾಗ ಬಂದ ಆ ಒಗ್ಗಟ್ಟು ಸಭೆಗಳ ನಿತ್ಯದ ಬದುಕಿನಲ್ಲಿ ಅಷ್ಟೇ ಗಟ್ಟಿಯಾಗಿ ಉಳಿದಿಲ್ಲ. ಸಿಎಸ್‌ಐ ಮತ್ತು ಕಥೋಲಿಕ ಸಭೆಗಳ ನಡುವೆ ಪ್ರಭುಭೋಜನದ ಸಹಭಾಗಿತ್ವ ಇನ್ನೂ ಇಲ್ಲ. ಪೆಂತೆಕೋಸ್ತ ಕೂಟಗಳನ್ನು ಹಳೆಯ ಸಭೆಗಳು ಕೀಳಾಗಿ ಕಾಣುವುದು, ಹಳೆಯ ಸಭೆಗಳು ಸತ್ತಿವೆ ಎಂದು ಪೆಂತೆಕೋಸ್ತರು ಹೇಳುವುದು ನಿಂತಿಲ್ಲ. ಚಾಮರಾಜನಗರದಂಥ ಜಿಲ್ಲೆಯಲ್ಲಿ, ಒಂದು ಹಳ್ಳಿಗೆ ನಾಲ್ಕಾರು ಮನೆಗಳಿರುವ ಕಡೆ, ಈ ಬೇಲಿಗಳಿಗೆ ಅರ್ಥವೇ ಇಲ್ಲ. ಒಬ್ಬರ ಮನೆಯಲ್ಲಿ ಸಾವಾದರೆ ಎಲ್ಲ ಪಂಗಡದವರೂ ಹೆಗಲು ಕೊಡಬೇಕು, ಒಂದೇ ಸ್ಮಶಾನದಲ್ಲಿ ಮಣ್ಣು ಮಾಡಬೇಕು, ಓದುವ ಮಗುವಿಗೆ ಯಾವ ಸಭೆಯದೆಂದು ಕೇಳದೆ ನೆರವಾಗಬೇಕು. ಜನವರಿಯ ಆ ಎಂಟು ದಿನಗಳ ಪ್ರಾರ್ಥನೆಯನ್ನು ವರ್ಷದ ಉಳಿದ ದಿನಗಳಿಗೆ ಹಬ್ಬಿಸುವ ಹೊಣೆ ಧರ್ಮಾಧ್ಯಕ್ಷರಿಗಿಂತ ಹೆಚ್ಚಾಗಿ ಹಳ್ಳಿಯ ಸಭೆಗಳ ಹಿರಿಯರ ಮೇಲಿದೆ; ಅವರು ಅದನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.